ಪಂಡಿತ ಭೀಮಸೇನ ಜೋಶಿಯವರ ಗುರ್ವನ್ವೇಷಣ

೧. ಉಪಕ್ರಮ

ಕೊರಳಲ್ಲಿಯೇ ಇರುವ ಬಂಗಾರದ ಸರವನ್ನು ಮರೆತು ಅದನ್ನು ಮನೆಯೆಲ್ಲ ಹುಡುಕುವವನ ದೃಷ್ಟಾಂತವನ್ನು ವೇದಾಂತಿಗಳು ಕಂಠಚಾಮೀಕರನ್ಯಾಯವೆಂದು ಕರೆಯುವರು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರೆಂಬ ನಮ್ಮ ಜನರ ನಾಣ್ನುಡಿಯ ತಾತ್ಪರ್ಯವೂ ಇದೇ. ಹಿಂದುಸ್ತಾನಿ ಗಾಯಕರಲ್ಲಿ ಅಗ್ರಗಣ್ಯರಾದ ಪಂಡಿತ ಭೀಮಸೇನ ಜೋಶಿಯವರ ಬಾಲ್ಯವೃತ್ತಾಂತವು ಮೇಲುನೋಟಕ್ಕೆ ಈ ನ್ಯಾಯಕ್ಕೆ ತಕ್ಕ ಉದಾಹರಣೆಯಾಗಿ ತೋರುತ್ತದೆ. ರೋಣದಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಈ ಬಾಲಕನು ಗುರುವನ್ನರಸುತ್ತ ಗ್ವಾಲಿಯರ, ಕಲಕತ್ತೆಗಳನ್ನು ಕಂಡು ಪಂಜಾಬದ ಜಾಲಂಧರದವರೆಗೆ ಹೋದನು. ಕೊನೆಗೆ ಅವನಿಗೆ ಗುರುವು ದೊರೆತದ್ದು ಹುಬ್ಬಳ್ಳಿಯ ನೆರೆಯ ಕುಂದಗೋಳದಲ್ಲಿ. ಹಾಗಾದರೆ ನಡುವಿನ ಮೂರು ವರ್ಷಗಳ ಅಲೆದಾಟವು ವ್ಯರ್ಥಶ್ರಮವೇ? ಅಥವಾ ಕುಂದಗೋಳದ ವಿದ್ಯೆಯನ್ನು ಪಡೆಯುವ ಅಧಿಕಾರವು ಆ ಅಲೆದಾಟದಿಂದಲೇ ಸಿದ್ಧಿಸಿತೇ? ಈ ಪ್ರಶ್ನೆಯನ್ನು ವಿಚಾರಿಸುವದೂ, ಅದರ ಪ್ರಸಂಗದಲ್ಲಿ ಆ ಮಹನೀಯರ ಜೀವನವನ್ನೂ ಗಾನಪದ್ಧತಿಯನ್ನೂ ಸಂಗ್ರಹವಾಗಿ ನಿರೂಪಿಸುವದೂ ಈ ಲೇಖನದ ಉದ್ದೇಶವು.

೨. ಜನ್ಮಭೂಮಿಯೂ ಮನೆತನವೂ

ಭೀಮಸೇನರು ಕ್ರಿ. ಶ. ೧೯೨೨ನೆಯ ಫೆಬ್ರುವರಿ ೪ರಂದು ರೋಣದಲ್ಲಿ ಜನಿಸಿದರು. ಕೆಲವು ವೃತ್ತಾಂತಗಳಲ್ಲಿ ಗದಗವೇ ಜನ್ಮಸ್ಥಳವೆಂದು ಕಾಣುತ್ತದೆ. ಬಾಲ್ಯವು ಬಹುಮಟ್ಟಿಗೆ ಗದಗಿನಲ್ಲಿ ಕಳೆದದ್ದೇ ಈ ಭಿನ್ನಾಭಿಪ್ರಾಯಕ್ಕೆ ಮೂಲವಾಗಿರಬೇಕು. ಆಗ ಈ ಎರಡೂ ಊರುಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. ೧೯೯೭ರಲ್ಲಿ ಗದಗ ಜಿಲ್ಲೆಯು ಬೇರ್ಪಟ್ಟಾಗ ರೋಣ, ನರಗುಂದ, ಗಜೇಂದ್ರಗಡಗಳು ಅದರೊಳಗೆ ಬಂದವು. ರೋಣವನ್ನು ಸ್ಥಳೀಯ ಐತಿಹ್ಯವು ದ್ರೋಣಪುರವೆಂದು ಹೇಳುತ್ತದೆ. ಪಶ್ಚಿಮಕ್ಕೆ ನರಗುಂದದ ಗುಡ್ಡ, ಪೂರ್ವಕ್ಕೆ ಗಜೇಂದ್ರಗಡದ ಕೋಟೆ, ನಡುವೆ ಕಣ್ಣು ಹಾಯುವಷ್ಟು ದೂರ ಎರೆಯ ಹೊಲ. ಹತ್ತಿರದಲ್ಲಿಯೇ ಚಾಲುಕ್ಯರ ಕಾಲದ ಗುಡಿಗಳುಳ್ಳ ಸೂಡಿ. ಆಚಾರ್ಯ ದ್ರೋಣನ ಹೆಸರನ್ನು ಹೊತ್ತ ಊರಿನ ಮಗನು ಗುರುವನ್ನರಸಿ ಹೊರಟದ್ದು ಕಾಕತಾಳೀಯವಾದರೂ ನೆನೆಯತಕ್ಕ ಸಂಗತಿಯು.

ತಂದೆ ಗುರುರಾಜಾಚಾರ್ಯ ಜೋಶಿಯವರು ಶಾಲೆಯ ಉಪಾಧ್ಯಾಯರು; ತಾಯಿ ಗೋದಾವರೀಬಾಯಿ. ಮನೆತನವು ಮಾಧ್ವ ಸಂಪ್ರದಾಯದ್ದಾದ್ದರಿಂದ ದಾಸರ ಪದಗಳು ಕೂಸಿನ ಕಿವಿಗೆ ಮೊದಲೇ ಬಿದ್ದಿದ್ದವು. ಹದಿನಾರು ಜನ ಮಕ್ಕಳಲ್ಲಿ ಭೀಮಸೇನರೇ ಹಿರಿಯರು. ಚಿಕ್ಕಂದಿನಲ್ಲಿಯೇ ಮಾತೃವಿಯೋಗವಾಗಿ ಮಲತಾಯಿಯು ಸಾಕಿದರು.

ಬಾಲಕನ ನಾದಾಸಕ್ತಿಯು ವಿಲಕ್ಷಣವಾದದ್ದು. ಬೀದಿಯಲ್ಲಿ ಮೆರವಣಿಗೆಯ ವಾದ್ಯಗಳು ಹೊರಟರೆ ಅವುಗಳ ಬೆನ್ನುಹತ್ತಿ ಹೋಗಿ, ದಣಿದಲ್ಲಿಯೇ ಮಲಗಿಬಿಡುತ್ತಿದ್ದನು. ಹುಡುಕಿ ಬೇಸತ್ತ ತಂದೆಯು ಹುಡುಗನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ'ನೆಂದು ಬರೆಯಿಸಿದರೆಂಬ ಕಥೆಯು ಪ್ರಸಿದ್ಧವಿದೆ. ಓಡಿಹೋದ ಹುಡುಗನನ್ನು ಕಂಡವರು ತಂದು ಮುಟ್ಟಿಸಲೆಂಬುದು ತಂದೆಯ ಯುಕ್ತಿ. ಮುಂದಿನ ಪ್ರಯಾಣದಲ್ಲಿ ಈ ಯುಕ್ತಿಯು ಸಾಲದಾಯಿತು.

ಮೊದಲನೆಯ ಪಾಠವು ಕುರ್ತಕೋಟಿಯ ಚೆನ್ನಪ್ಪನವರಿಂದ ಆಯಿತು. ಬಳಿಕ ಬಾಗಲಕೋಟೆಯ ಶ್ಯಾಮಾಚಾರ್ಯ ಜೋಶಿಯವರು ಹಾಡುಗಾರಿಕೆಯನ್ನೂ ಹಾರ್ಮೋನಿಯಮ್ಮನ್ನೂ ಕಲಿಸಿದರು. ಇಷ್ಟರಲ್ಲಿ ಅಬ್ದುಲ್ ಕರೀಮಖಾನರು ಹಾಡಿದ ಝಿಂಝೋಟಿ ರಾಗದ ಠುಮರಿಯ ಧ್ವನಿಮುದ್ರಿಕೆಯು ಬಾಲಕನ ಕಿವಿಗೆ ಬಿದ್ದಿತು. ಹೀಗೆ ಹಾಡಬೇಕೆಂಬ ಹಂಬಲವು ಅಂದು ಹುಟ್ಟಿದ್ದು ಮುಂದೆ ಆರಲಿಲ್ಲ.

೩. ಧಾರವಾಡ ಸೀಮೆಯಲ್ಲಿ ಹಿಂದುಸ್ತಾನಿ ಸಂಗೀತ

ಕನ್ನಡ ನಾಡಿನ ಹುಡುಗನಿಗೆ ಉತ್ತರದೇಶದ ಗಾಯನದಲ್ಲಿ ಆಸಕ್ತಿ ಹೇಗೆ ಹುಟ್ಟಿತೆಂಬ ಶಂಕೆಯು ಇಲ್ಲಿ ಸಹಜ. ಇದಕ್ಕೆ ಸಮಾಧಾನವು ಆ ಕಾಲದ ಸ್ಥಿತಿಯಲ್ಲಿಯೇ ಇದೆ. ಮುಂಬಯಿ ಇಲಾಖೆಗೆ ಸೇರಿದ ಈ ಸೀಮೆಯಲ್ಲಿ ಮರಾಠಿ ನಾಟಕ ಮಂಡಲಿಗಳು ವರ್ಷವರ್ಷವೂ ಸಂಚರಿಸುತ್ತಿದ್ದವು. ಅವುಗಳ ಪದಗಳೆಲ್ಲ ಹಿಂದುಸ್ತಾನಿ ರಾಗಗಳ ಮೇಲೆಯೇ ನಿಂತವು. ಪ್ರಸಿದ್ಧ ಗಾಯಕರಾದ ಭಾಸ್ಕರಬುವಾ ಬಖಲೆಯವರು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತದ ಉಪಾಧ್ಯಾಯರಾಗಿದ್ದರು. ಮೈಸೂರಿನ ಆಸ್ಥಾನವು ಉತ್ತರದ ಗಾಯಕರನ್ನು ಕರೆಯಿಸಿ ಮನ್ನಿಸುತ್ತಿದ್ದುದರಿಂದ ಅವರು ಹೋಗುವಾಗ ಬರುವಾಗ ಈ ಊರುಗಳಲ್ಲಿ ಇಳಿದುಕೊಳ್ಳುತ್ತಿದ್ದರು. ಗದಗಿನಲ್ಲಿಯೇ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ಅಂಧರಾಗಿದ್ದೂ ಕರ್ನಾಟಕ, ಹಿಂದುಸ್ತಾನಿ ಎಂಬ ಉಭಯ ಪದ್ಧತಿಗಳನ್ನು ಸಾಧಿಸಿ ಅನೇಕ ಶಿಷ್ಯರಿಗೆ ಅನ್ನವಿದ್ಯೆಗಳನ್ನಿತ್ತರು.

ಹೀಗೆ ಬಂದುಹೋಗುವವರಲ್ಲಿ ಮುಖ್ಯರು ಅಬ್ದುಲ್ ಕರೀಮಖಾನರು (೧೮೭೨–೧೯೩೭). ಇವರ ಮೂಲಸ್ಥಾನವು ಉತ್ತರಪ್ರದೇಶದ ಕೈರಾನಾ. ಅದರಿಂದಲೇ ಇವರ ಪರಂಪರೆಗೆ ಕಿರಾನಾ ಘರಾಣೆಯೆಂದು ಹೆಸರು. ಘರಾಣೆಯೆಂದರೆ ಕೇವಲ ಮನೆತನವಲ್ಲ. ವೇದಾಧ್ಯಯನದಲ್ಲಿ ಶಾಖೆಯಿದ್ದಂತೆ, ಒಂದೇ ವಿದ್ಯೆಯನ್ನು ಒಂದು ವಿಶಿಷ್ಟ ಕ್ರಮದಿಂದ ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದ ಗುರುಶಿಷ್ಯಸಂತತಿ. ಖಾನರು ಮಿರಜದಲ್ಲಿ ನೆಲೆಸಿ ದಕ್ಷಿಣದಲ್ಲಿ ಬಹುವಾಗಿ ಸಂಚರಿಸಿದರು. ಕರ್ನಾಟಕ ಪದ್ಧತಿಯ ಸ್ವರಕಲ್ಪನೆಯನ್ನು ಮೆಚ್ಚಿ ತಮ್ಮ ಗಾಯನದಲ್ಲಿ ಸರಗಮ್ಮನ್ನು ಬೆಳೆಸಿದರು. ತ್ಯಾಗರಾಜರ ಖರಹರಪ್ರಿಯ ರಾಗದ ಕೃತಿಯೊಂದನ್ನು ಧ್ವನಿಮುದ್ರಿಸಿದರು. ಇದರಿಂದ ಸಿದ್ಧಪಡುವದೇನೆಂದರೆ, ಕಿರಾನಾ ಗಾಯನವು ಈ ಸೀಮೆಗೆ ಪರದೇಶದ ಸರಕಾಗಿ ಬಂದು ಹಾಗೆಯೇ ಉಳಿದದ್ದಲ್ಲ; ದಕ್ಷಿಣದ ಅಂಶವನ್ನು ತನ್ನೊಳಗೆ ಕೂಡಿಸಿಕೊಂಡೇ ಇಲ್ಲಿ ಬೇರೂರಿತು.

ಆ ಬೇರಿನ ಮೊದಲ ಮೊಳಕೆಯು ಕುಂದಗೋಳದ ರಾಮಭಾವು. ಇವರು ೧೮೮೬ನೆಯ ಜನೇವರಿ ೧೯ರಂದು ಹುಟ್ಟಿದರು. ಎಂಟು ವರ್ಷ ತಮ್ಮಲ್ಲಿ ನಿಲ್ಲುವದಾದರೆ ಕಲಿಸುವೆನೆಂಬ ಕರಾರಿನ ಮೇಲೆ ಖಾನರು ಇವರನ್ನು ಶಿಷ್ಯನನ್ನಾಗಿ ಸ್ವೀಕರಿಸಿದರೆಂದು ಹೇಳುವರು. ಮುಂದೆ ಇವರು ಮರಾಠಿ ರಂಗಭೂಮಿಯನ್ನು ಸೇರಿ, ಸ್ತ್ರೀಪಾತ್ರಗಳಿಂದಲೂ ಗಾಯನದಿಂದಲೂ ಕೀರ್ತಿಗೊಂಡು 'ಸವಾಯಿ ಗಂಧರ್ವ'ರೆಂಬ ಬಿರುದಿನಿಂದ ಪ್ರಸಿದ್ಧರಾದರು. ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಆ ಚಿಕ್ಕ ಊರಿನಲ್ಲಿ ನಾಡಿಗೇರರ ವಾಡೆಯು ಸಂಗೀತಕ್ಕೆ ಆಶ್ರಯಸ್ಥಾನವಾಗಿತ್ತು.

೪. ಅಲೆದಾಟ

೧೯೩೩ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಭೀಮಸೇನರು ಮನೆಯನ್ನು ಬಿಟ್ಟರು. ಅನ್ನಕ್ಕೆ ಬಡಿಸಿದ ತುಪ್ಪವು ಸಾಲದೆಂದು ಮುನಿದು ಎದ್ದುಹೋದರೆಂದು ಪ್ರತೀತಿ. ತುಪ್ಪವು ನಿಮಿತ್ತ, ಕಾರಣವು ಸಂಗೀತವೆಂಬುದರಲ್ಲಿ ಸಂಶಯವಿಲ್ಲ. ಕೈಯಲ್ಲಿ ಹಣವಿರಲಿಲ್ಲ. ರೈಲಿನಲ್ಲಿ ಸಹಪ್ರಯಾಣಿಕರ ಮುಂದೆ ಹಾಡಿ, ಅವರು ಕೊಟ್ಟದ್ದರಿಂದ ಮುಂದಿನ ದಾರಿಯನ್ನು ಸಾಗಿಸಿದರು. ಈ ಸಂಚಾರದ ಊರುಗಳ ಕ್ರಮವು ಬೇರೆ ಬೇರೆ ವೃತ್ತಾಂತಗಳಲ್ಲಿ ಬೇರೆಯಾಗಿದ್ದರೂ ಮುಖ್ಯ ಸ್ಥಾನಗಳ ವಿಷಯದಲ್ಲಿ ಐಕಮತ್ಯವಿದೆ.

ವಿಜಾಪುರ, ಪುಣೆಗಳನ್ನು ದಾಟಿ ಅವರು ಗ್ವಾಲಿಯರವನ್ನು ಸೇರಿದರು. ಅಲ್ಲಿ ಸರೋದವಾದಕ ಹಾಫೀಜ ಅಲಿಖಾನರ ಸಹಾಯದಿಂದ ಮಹಾರಾಜರ ಮಾಧವ ಸಂಗೀತ ವಿದ್ಯಾಲಯದಲ್ಲಿ ಪ್ರವೇಶವು ದೊರೆಯಿತು. ಕಲಕತ್ತೆಯಲ್ಲಿ ನಟ ಪಹಾಡಿ ಸಾನ್ಯಾಲರ ಮನೆಯಲ್ಲಿ ಊಳಿಗಕ್ಕೆ ನಿಂತರು. ಅಲ್ಲಿಂದ ಜಾಲಂಧರಕ್ಕೆ ಹೋಗಿ ಅಂಧಗಾಯಕರಾದ ಮಂಗತರಾಮರಲ್ಲಿ ಧ್ರುಪದದ ಅಭ್ಯಾಸವನ್ನು ಮಾಡಿದರು.

ಜಾಲಂಧರದಲ್ಲಿ ಸ್ವಾಮಿ ಹರವಲ್ಲಭರ ಹೆಸರಿನ ಸಂಗೀತೋತ್ಸವವು ೧೮೭೫ರಿಂದ ನಡೆದುಬಂದಿದೆ. ಅಲ್ಲಿಗೆ ಹಾಡಲು ಬಂದ ಪುಣೆಯ ವಿನಾಯಕರಾವ ಪಟವರ್ಧನರು ಬಾಲಕನ ಊರುಕೇರಿಗಳನ್ನು ವಿಚಾರಿಸಿ, ಸವಾಯಿ ಗಂಧರ್ವರು ನಿನ್ನ ಊರಿನ ಹತ್ತಿರವೇ ಇರುವಾಗ ಇಷ್ಟು ದೂರವೇಕೆ ಬಂದೆ, ಹಿಂದಿರುಗಿ ಅವರನ್ನು ಆಶ್ರಯಿಸೆಂಬ ಅಭಿಪ್ರಾಯದ ಬುದ್ಧಿವಾದವನ್ನು ಹೇಳಿದರು. ಪಟವರ್ಧನರು ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. ಅರ್ಥಾತ್ ಗ್ವಾಲಿಯರ ಪರಂಪರೆಯವರು. ತಮ್ಮದಲ್ಲದ ಘರಾಣೆಯ ಗುರುವಿನ ಕಡೆಗೆ ಬಾಲಕನನ್ನು ಕಳುಹಿದ ಅವರ ನಿಷ್ಪಕ್ಷಪಾತವು ಸ್ಮರಣೀಯವಾದದ್ದು. ಇಷ್ಟರಲ್ಲಿ ಗುರುರಾಜಾಚಾರ್ಯರೂ ಮಗನ ಸುಳಿವನ್ನು ಹಿಡಿದು ಜಾಲಂಧರದಿಂದ ಅವನನ್ನು ಮನೆಗೆ ಕರೆತಂದರು.

೫. ಕುಂದಗೋಳದ ಗುರುಕುಲ

೧೯೩೬ರಲ್ಲಿ ಸವಾಯಿ ಗಂಧರ್ವರು ಭೀಮಸೇನರನ್ನು ಶಿಷ್ಯನನ್ನಾಗಿ ಅಂಗೀಕರಿಸಿದರು. ಪಾಠವು ಕೂಡಲೇ ಆರಂಭವಾಗಲಿಲ್ಲ. ದೂರದಿಂದ ನೀರು ಹೊತ್ತು ತರುವದು, ಮನೆಯ ಕೆಲಸಗಳನ್ನು ಮಾಡುವದು, ಗುರುವಿನ ಸೇವೆ—ಇವೇ ಮೊದಲಿನ ಅಧ್ಯಾಯಗಳು. ಸತ್ಯಕಾಮ ಜಾಬಾಲನು ಬ್ರಹ್ಮವಿದ್ಯೆಗಾಗಿ ಬಂದು ಮೊದಲು ಗೋವುಗಳನ್ನು ಕಾಯ್ದಂತೆ ಇದೂ ಆಯಿತು. ಇದು ಶಿಷ್ಯನನ್ನು ಪೀಡಿಸುವ ಪದ್ಧತಿಯೆಂದು ತಿಳಿಯಲಾಗದು. ನಾದವಿದ್ಯೆಯಲ್ಲಿ ಗ್ರಂಥಕ್ಕೆ ಸಿಕ್ಕದ ಭಾಗವೇ ಹೆಚ್ಚು. ಅದನ್ನು ಗುರುವಿನ ಮನೆಯಲ್ಲಿದ್ದು, ಹೊತ್ತುಹೊತ್ತಿಗೆ ಅವರ ಕಂಠವನ್ನು ಕೇಳಿ, ಕಿವಿಯಿಂದ ಹೀರಿಕೊಳ್ಳಬೇಕು. ಅಂಥ ಸಾನ್ನಿಧ್ಯಕ್ಕೆ ಸೇವೆಯೇ ದ್ವಾರವು.

ಕಲಿಕೆಯ ಕ್ರಮವೂ ವಿಚಾರಾರ್ಹವಾಗಿದೆ. ಸವಾಯಿ ಗಂಧರ್ವರು ಶಿಷ್ಯನಿಗೆ ಮುಖ್ಯವಾಗಿ ಮೂರು ರಾಗಗಳನ್ನೇ ದೀರ್ಘಕಾಲ ಹೇಳಿಕೊಟ್ಟರು: ಬೆಳಿಗ್ಗೆ ತೋಡಿ, ಮಧ್ಯಾಹ್ನದ ಮೇಲೆ ಮುಲ್ತಾನಿ, ಸಂಜೆಗೆ ಪೂರಿಯಾ. ವರ್ಷಗಟ್ಟಲೆ ಮೂರೇ ರಾಗಗಳೆಂದರೆ ಇತರರಿಗೆ ಆಶ್ಚರ್ಯವಾಗಬಹುದು. ಆದರೆ ಈ ಆಯ್ಕೆಯಲ್ಲಿ ಗೂಢವಾದ ಯುಕ್ತಿಯಿದೆ. ತೋಡಿ, ಮುಲ್ತಾನಿಗಳೆರಡಕ್ಕೂ ಸ್ವರಗಳು ಒಂದೇ: ಕೋಮಲ ರಿಷಭ, ಕೋಮಲ ಗಾಂಧಾರ, ತೀವ್ರ ಮಧ್ಯಮ, ಕೋಮಲ ಧೈವತ, ಶುದ್ಧ ನಿಷಾದ. ಕರ್ನಾಟಕ ಪದ್ಧತಿಯಲ್ಲಿ ಇದು ೪೫ನೆಯ ಮೇಳವಾದ ಶುಭಪಂತುವರಾಳಿಯ ಸ್ವರಸಮೂಹವು. ತೋಡಿಯಲ್ಲಿ ರಿಷಭ, ಗಾಂಧಾರ, ಧೈವತಗಳಿಗೆ ಪ್ರಾಧಾನ್ಯ, ಪಂಚಮಕ್ಕೆ ಮಿತವಾದ ಸ್ಥಾನ. ಮುಲ್ತಾನಿಯಲ್ಲಾದರೆ ಆರೋಹಣದಲ್ಲಿ ರಿಷಭ ಧೈವತಗಳು ವರ್ಜ್ಯ, ಅವರೋಹಣದಲ್ಲಿಯೂ ಅವು ದುರ್ಬಲ, ಪಂಚಮವು ಬಲಿಷ್ಠ. ಸ್ವರಗಳು ಅವೇ ಆದರೂ ರಾಗವು ಬೇರೆ. ಬೆಳಗಿನ ಕರುಣೆಯು ಒಂದರಲ್ಲಿ, ಇಳಿಹೊತ್ತಿನ ತಾಪವು ಇನ್ನೊಂದರಲ್ಲಿ. ಅಕ್ಷರಗಳು ಅವೇ ಇದ್ದು ಪದವು ಬೇರೆಯಾದಂತೆ ಇದು. ಇವೆರಡನ್ನು ಕಲಬೆರಕೆಯಿಲ್ಲದೆ ಹಾಡಬಲ್ಲವನಿಗೆ ರಾಗವೆಂಬುದು ಸ್ವರಗಳ ಪಟ್ಟಿಯಲ್ಲ, ಅವುಗಳ ನಡೆಯೆಂಬ ತತ್ತ್ವವು ಮನಗಂಡಂತೆಯೇ.

ಮೂರನೆಯದಾದ ಪೂರಿಯಾದಲ್ಲಿ ಪಂಚಮವೇ ಇಲ್ಲ. ಗಾಂಧಾರ, ನಿಷಾದಗಳಿಗೆ ಇಲ್ಲಿ ಪ್ರಾಬಲ್ಯ; ಷಡ್ಜದ ಮೇಲೆ ಅಡಿಗಡಿಗೆ ನಿಲ್ಲುವಂತಿಲ್ಲ. ಆಧಾರವಾದ ಪಂಚಮವನ್ನು ಕಳೆದು, ವಿಶ್ರಾಂತಿಸ್ಥಾನವಾದ ಷಡ್ಜವನ್ನು ದೂರವಿರಿಸಿ, ಕಂಠವು ಮಂದ್ರದಲ್ಲಿ ತನ್ನ ಬಲದಿಂದಲೇ ನಿಲ್ಲಬೇಕು. ಮೂರು ರಾಗಗಳಿಂದ ಶಿಷ್ಯನ ಕಿವಿ, ವಿವೇಕ, ಕಂಠಗಳು ಹೀಗೆ ಏಕಕಾಲದಲ್ಲಿ ಹದಗೊಂಡವು. ಅಡಿಪಾಯವು ಇಷ್ಟು ಆಳವಾದ ಮೇಲೆ ಉಳಿದ ರಾಗಗಳನ್ನು ಪಡೆಯುವದು ಕಷ್ಟವಾಗಲಿಲ್ಲ.

ಇಲ್ಲಿ ಹಾರ್ಮೋನಿಯಮ್ಮಿನ ವಿಷಯವಾಗಿ ಒಂದು ಮಾತು ಅವಶ್ಯಕ. ಪಾಶ್ಚಾತ್ಯರ ಪಿಯಾನೋ ಮೊದಲಾದ ಮನೆಕಟ್ಟಿನ ವಾದ್ಯಗಳಲ್ಲಿ ಸಪ್ತಕವು ಹನ್ನೆರಡು ಸಮಭಾಗಗಳಾಗಿ ಮೊದಲೇ ಗೊತ್ತುಪಟ್ಟಿರುತ್ತದೆ; ಹಾರ್ಮೋನಿಯಮ್ಮು ಅದೇ ಜಾತಿಯದು. ತೋಡಿಯ ಅತಿಕೋಮಲವಾದ ಗಾಂಧಾರವು ಅದರ ಯಾವ ಮನೆಯಲ್ಲಿಯೂ ಇಲ್ಲ. ಶ್ರುತಿಗಳು ಇಪ್ಪತ್ತೆರಡೆಂದು ಶಾಸ್ತ್ರಕಾರರ ಮತವು. ಅವುಗಳ ಮಾನವನ್ನು ನಿರ್ಣಯಿಸಲು ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಯತ್ನಿಸಿದಾಗ ಅವರಿಗೆ ನೆರವಾದದ್ದು ಅಬ್ದುಲ್ ಕರೀಮಖಾನರ ಕಂಠವೇ. ಆ ಸೂಕ್ಷ್ಮಶ್ರುತಿಯು ತಂಬೂರಿಯ ನಾದದಲ್ಲಿ ಕಂಠಕ್ಕೆ ಸಾಧ್ಯ. ಬಾಲ್ಯದಲ್ಲಿ ಹಾರ್ಮೋನಿಯಮ್ಮಿಗೆ ಮನಸೋತ ಭೀಮಸೇನರಿಗೆ ಕುಂದಗೋಳದಲ್ಲಿ ತಂಬೂರಿಯೇ ಪರಮಪ್ರಮಾಣವಾಯಿತು.

ಸಹಾಧ್ಯಾಯಿಗಳಲ್ಲಿ ಗಂಗೂಬಾಯಿ ಹಾನಗಲ್ಲರು (೧೯೧೩–೨೦೦೯) ಮುಖ್ಯರು. ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಮುಗಿಸಿ ಹಿಂದಿರುಗುತ್ತಿದ್ದರು. ಬೀಳ್ಕೊಡಲು ನಿಲ್ದಾಣದವರೆಗೆ ಹೋಗುತ್ತಿದ್ದ ಭೀಮಸೇನರು ಆ ದಿನದ ಪಾಠವನ್ನು ದಾರಿಯಲ್ಲಿ ಅವರಿಂದ ಕೇಳಿಕೊಳ್ಳುತ್ತಿದ್ದರಂತೆ. ವಿದ್ಯಾರ್ಥಿಗೆ ದಾರಿಯೂ ಪಾಠಶಾಲೆಯೆಂಬುದಕ್ಕೆ ಇದು ನಿದರ್ಶನವು.

೬. ಗಾಯಕಜೀವನ

ಗುರುಕುಲವಾಸವನ್ನು ಮುಗಿಸಿ ಭೀಮಸೇನರು ೧೯೪೧ರಲ್ಲಿ, ಹತ್ತೊಂಬತ್ತರ ಪ್ರಾಯದಲ್ಲಿ, ಮೊದಲ ಸಾರ್ವಜನಿಕ ಕಛೇರಿಯನ್ನು ನಡೆಯಿಸಿದರು. ಮರುವರ್ಷ ಕನ್ನಡ, ಹಿಂದಿ ಭಕ್ತಿಗೀತಗಳ ಧ್ವನಿಮುದ್ರಿಕೆಯು ಹೊರಟಿತು. ೧೯೪೩ರಲ್ಲಿ ಮುಂಬಯಿಗೆ ಹೋಗಿ ರೇಡಿಯೋ ಕಲಾವಿದರಾದರು. ೧೯೪೬ರಲ್ಲಿ ಗುರುಗಳ ಷಷ್ಟ್ಯಬ್ದಿಯ ನಿಮಿತ್ತ ಪುಣೆಯಲ್ಲಿ ನಡೆದ ಕಛೇರಿಯಿಂದ ಅವರ ಕೀರ್ತಿಯು ಸ್ಥಿರವಾಯಿತು. ಬಳಿಕ ಪುಣೆಯೇ ಅವರ ನಿವಾಸಸ್ಥಾನವಾಯಿತು.

ಅವರ ಗಾಯನದ ಲಕ್ಷಣವನ್ನು ಶಾಸ್ತ್ರದೃಷ್ಟಿಯಿಂದ ನೋಡುವದು ಉಚಿತ. ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ರಾಗಾಲಪ್ತಿಗೆ ನಾಲ್ಕು ಸ್ವಸ್ಥಾನಗಳನ್ನು ವಿಧಿಸಿದ್ದಾನೆ. ಸ್ಥಾಯಿಸ್ವರದಿಂದ ಹೊರಟು ನಾಲ್ಕನೆಯ ಸ್ವರದ ಕೆಳಗೇ ಸಂಚರಿಸುವದು ಮೊದಲನೆಯದು. ಆ ಸ್ವರವನ್ನು ಮುಟ್ಟುವದು ಎರಡನೆಯದು. ಅದರ ಮತ್ತು ಎಂಟನೆಯ ಸ್ವರದ ನಡುವೆ ವಿಹರಿಸುವದು ಮೂರನೆಯದು. ಎಂಟನೆಯದನ್ನು ಮುಟ್ಟಿ ಹಿಂದಿರುಗುವದು ನಾಲ್ಕನೆಯದು. ಅವಸರವಿಲ್ಲದೆ ರಾಗವನ್ನು ಮೆಟ್ಟಲುಮೆಟ್ಟಲಾಗಿ ಏರಿಸುವ ಈ ತತ್ತ್ವವೇ ಕಿರಾನಾದ ವಿಲಂಬಿತ ಖ್ಯಾಲಿನಲ್ಲಿ ಕಾಣುವ 'ಬಢತ'. ಒಂದೊಂದು ಸ್ವರವನ್ನು ಪೂರ್ಣವಾಗಿ ಅನುಭವಿಸಿ, ಮೇಲಿನ ಷಡ್ಜಕ್ಕಾಗಿ ಶ್ರೋತೃಗಳ ಮನಸ್ಸು ಕಾತರಿಸಿದ ಮೇಲೆಯೇ ಅದನ್ನು ಮುಟ್ಟುವದು ಇದರ ಮರ್ಮವು.

ಆದರೆ ಭೀಮಸೇನರು ಘರಾಣೆಯ ಪ್ರತಿಧ್ವನಿಯಾಗಿ ನಿಲ್ಲಲಿಲ್ಲ. ಅಬ್ದುಲ್ ಕರೀಮಖಾನರ ಕಂಠವು ತೆಳುವಾಗಿ ಮಧುರವಾದದ್ದು. ಭೀಮಸೇನರದು ಗಂಭೀರವಾಗಿ ಮೇಘಸದೃಶವಾದದ್ದು. ಕಿರಾನಾದ ಆಲಾಪಕ್ಕೆ ಅವರು ದೀರ್ಘಶ್ವಾಸದ ತಾನುಗಳನ್ನೂ ಅನ್ಯ ಘರಾಣೆಗಳಿಂದ ಕೇಳಿ ತಿಳಿದ ಲಯದ ಬಲವನ್ನೂ ಕೂಡಿಸಿದರು. ಜಯಪುರ ಪರಂಪರೆಯ ಕೇಸರಬಾಯಿ ಕೇರಕರರ ಗಾಯನವು ಅವರ ಮೇಲೆ ಪ್ರಭಾವ ಬೀರಿತೆಂಬುದು ವಿದಿತವಾಗಿದೆ. ಶುದ್ಧಕಲ್ಯಾಣ, ಮಿಯಾಂಕೀ ತೋಡಿ, ಮುಲ್ತಾನಿ, ಪೂರಿಯಾ ಧನಾಶ್ರೀ, ದರಬಾರಿ, ಮಾಲಕಂಸಗಳು ಅವರ ಕಛೇರಿಗಳಲ್ಲಿ ಪುನಃ ಪುನಃ ಕೇಳಿಬಂದ ರಾಗಗಳು. ಕಲಾವತಿ, ರಾಗೇಶ್ರೀಗಳನ್ನು ಕೂಡಿಸಿ 'ಕಲಾಶ್ರೀ'ಯೆಂಬ ರಾಗವನ್ನೂ ಅವರು ರಚಿಸಿದರು. ಕಛೇರಿಗಳಿಗಾಗಿ ಅವರು ಮಾಡುತ್ತಿದ್ದ ವಿಮಾನಪ್ರಯಾಣಗಳು ಎಷ್ಟಾದವೆಂದರೆ, 'ಸವಾಯಿ ಗಂಧರ್ವ'ರ ಶಿಷ್ಯರನ್ನು ಜನರು ವಿನೋದದಿಂದ 'ಹವಾಯಿ ಗಂಧರ್ವ'ರೆಂದರು.

ಸವಾಯಿ ಗಂಧರ್ವರು ೧೯೫೨ನೆಯ ಸಪ್ಟಂಬರ ೧೨ರಂದು ದಿವಂಗತರಾದರು. ೧೯೫೩ರಿಂದ ಪುಣೆಯಲ್ಲಿ ಗುರುಗಳ ಸ್ಮರಣೋತ್ಸವವು ಆರಂಭವಾಯಿತು. ಭೀಮಸೇನರು ದಶಕಗಳ ಕಾಲ ಅದರ ಭಾರವನ್ನು ಹೊತ್ತರು. ನೀರು ಹೊತ್ತ ಶಿಷ್ಯನು ಉತ್ಸವವನ್ನು ಹೊತ್ತನು. ಸೇವೆಯ ರೂಪವು ಮಾತ್ರ ಬದಲಾಯಿತು. ತಾವು ಬಾಲ್ಯದಲ್ಲಿ ಊರೂರು ತಿರುಗಿ ಕೇಳಬೇಕಾಗಿದ್ದ ನಾನಾ ಘರಾಣೆಗಳ ಗಾಯನವು ಒಂದೇ ಮಂಟಪದಲ್ಲಿ ಎಲ್ಲರಿಗೂ ದೊರೆಯುವಂತೆ ಅವರು ಮಾಡಿದರು.

ಕನ್ನಡಕ್ಕೆ ಅವರು ಸಲ್ಲಿಸಿದ ಋಣವೂ ಸಾಮಾನ್ಯವಾದದ್ದಲ್ಲ. ಪುರಂದರದಾಸಾದಿಗಳ ಪದಗಳನ್ನು 'ದಾಸವಾಣಿ'ಯೆಂಬ ಹೆಸರಿನಿಂದ ಹಾಡಿ, ಖ್ಯಾಲನ್ನರಿಯದ ಮನೆಗಳಿಗೂ ತಮ್ಮ ನಾದವನ್ನು ಮುಟ್ಟಿಸಿದರು. ಮರಾಠಿಯಲ್ಲಿ ಸಂತರ ಅಭಂಗಗಳನ್ನು 'ಸಂತವಾಣಿ'ಯಾಗಿ ಹಾಡಿದರು. ೧೯೬೬ರ 'ಸಂಧ್ಯಾರಾಗ' ಚಲಚ್ಚಿತ್ರದಲ್ಲಿ ಅವರ ಕನ್ನಡ ಗಾಯನವು ಕೇಳಿಬಂದಿತು. ದಾಸರ ಪದಗಳಲ್ಲಿ ಅವರು ಮಾತನ್ನು ರಾಗದ ಕೆಳಗೆ ಹುಗಿಯಲಿಲ್ಲ. ರಾಗದ ಸ್ವರೂಪವನ್ನೂ ಸಡಿಲಿಸಲಿಲ್ಲ.

ಪದ್ಮಶ್ರೀ (೧೯೭೨), ಪದ್ಮಭೂಷಣ (೧೯೮೫), ಪದ್ಮವಿಭೂಷಣ (೧೯೯೯), ಕರ್ನಾಟಕ ರತ್ನ (೨೦೦೫) ಪ್ರಶಸ್ತಿಗಳು ಕ್ರಮವಾಗಿ ಅವರನ್ನು ಅರಸಿ ಬಂದವು. ೨೦೦೮ರಲ್ಲಿ ಭಾರತ ರತ್ನವು ಘೋಷಿತವಾಯಿತು. ಹಿಂದುಸ್ತಾನಿ ಶಾಸ್ತ್ರೀಯ ಕಂಠಗಾಯಕರಲ್ಲಿ ಈ ಗೌರವವನ್ನು ಪಡೆದವರಲ್ಲಿ ಇವರೇ ಮೊದಲಿಗರು. ೨೦೧೧ನೆಯ ಜನೇವರಿ ೨೪ರಂದು ಪುಣೆಯಲ್ಲಿ ಅವರು ಕಾಲವಶರಾದರು. ಪುಣೆಯ ಉತ್ಸವಕ್ಕೆ ಗುರುವಿನ ಹೆಸರಿನೊಡನೆ ಶಿಷ್ಯನ ಹೆಸರೂ ಸೇರಿತು.

೭. ಉಪಸಂಹಾರ

ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಈಗ ಉತ್ತರವನ್ನು ಹೇಳಬಹುದು. ಕಂಠಚಾಮೀಕರನ್ಯಾಯದಲ್ಲಿ ಹುಡುಕಾಟವು ಭ್ರಾಂತಿ. ಸರವನ್ನು ಕಂಡಮೇಲೆ ಅದರಿಂದ ಉಳಿಯುವ ಫಲವೇನೂ ಇಲ್ಲ. ಭೀಮಸೇನರ ವಿಷಯದಲ್ಲಿ ಹಾಗಾಗಲಿಲ್ಲ. ೧೯೩೩ರಲ್ಲಿಯೇ ಕುಂದಗೋಳಕ್ಕೆ ಹೋಗಿದ್ದರೆ ಗುರುವು ಸಿಕ್ಕುತ್ತಿದ್ದರು. ಆದರೆ ಮೂರು ರಾಗಗಳಲ್ಲಿಯೇ ವರ್ಷಗಳನ್ನು ಕಳೆಯುವ ತಾಳ್ಮೆಯು ಹನ್ನೊಂದರ ಬಾಲಕನಲ್ಲಿ ಇರುತ್ತಿತ್ತೆಂದು ಹೇಳಲಾಗದು. ತುಪ್ಪಕ್ಕಾಗಿ ಮುನಿದವನು ಪರರ ಮನೆಯ ಊಳಿಗವನ್ನು ಮಾಡಿ ಬಂದಮೇಲೆ ಗುರುವಿನ ಮನೆಯ ನೀರಿನ ಕೊಡವು ಅವನಿಗೆ ಭಾರವಾಗಲಿಲ್ಲ. ಗ್ವಾಲಿಯರ, ಜಾಲಂಧರಗಳಲ್ಲಿ ನಾನಾ ಗಾಯನವನ್ನು ಕೇಳಿದ ಕಿವಿಗೆ ಕುಂದಗೋಳದ ನಾದದ ಬೆಲೆಯು ತಿಳಿಯಿತು.

ಆದುದರಿಂದ ಇದು ಕೊರಳಿನ ಸರವನ್ನು ಮರೆತವನ ಕಥೆಯಲ್ಲ. ಗುರುವು ಹತ್ತಿರದಲ್ಲಿದ್ದರು, ಶಿಷ್ಯನೇ ಇನ್ನೂ ದೂರದಲ್ಲಿದ್ದನು. ಆ ದೂರವನ್ನು ನಡೆದು ಮುಗಿಸಲು ರೋಣದ ಬಾಲಕನಿಗೆ ಜಾಲಂಧರದ ದಾರಿಯು ಬೇಕಾಯಿತು.